ಚಿಕ್ಕತಾತ ಫೈಟರ್ ಪೈಲಟ್ ಆಗಿದ್ದರಂತೆ: ದಾಖಲೆ ಹುಡುಕುವುದು ಎಲ್ಲಿಂದ?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆ. ತಾತನ ತಮ್ಮ ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನ ಹಾರಿಸುತ್ತಿದ್ದರು ಎಂದು ಮನೆಯಲ್ಲಿ ಹೇಳುತ್ತಾರೆ. ಹಳೇ ಟ್ರಂಕಿನಲ್ಲಿ ಯೂನಿಫಾರಂ ತೊಟ್ಟ ಫೋಟೊ, ಎರಡು ಮೂರು ಪದಕ, ನೀಲಿ ರಟ್ಟಿನ ಒಂದು ಅಡ್ಡ ಪುಸ್ತಕ ಸಿಕ್ಕಿವೆ. ಅವರು ಎಲ್ಲೆಲ್ಲಿದ್ದರು, ಏನೇನು ಮಾಡಿದರು ಎಂದು ತಿಳಿಯಲು ಯಾರನ್ನು ಕೇಳಬೇಕು?

ಉತ್ತರ: ಸದ್ಯಕ್ಕೆ ಯಾರನ್ನೂ ಕೇಳಬೇಡಿ. ದೆಹಲಿಗೋ ಲಂಡನ್ನಿಗೋ ಬರೆಯುವ ಮೊದಲು ಆ ಟ್ರಂಕಿನಿಂದಲೇ ಅವರ ಸರ್ವಿಸ್ ನಂಬರ್ ಹೊರತೆಗೆಯಿರಿ. ಹೆಸರು ಹಿಡಿದು ಹೊರಟ ಹುಡುಕಾಟ ಬಹುಪಾಲು ಅರ್ಧದಲ್ಲೇ ನಿಲ್ಲುತ್ತದೆ, ನಂಬರ್ ಹಿಡಿದು ಹೊರಟದ್ದು ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ. ಯುದ್ಧಕಾಲದ ಭಾರತೀಯ ವಾಯುಪಡೆಯ ಅಧಿಕಾರಿಗಳ ನಂಬರಿನ ಮುಂದೆ ‘ಐಎನ್‌ಡಿ’ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಓರೆಗೆರೆ ಇರುತ್ತವೆ. ಸ್ವಾತಂತ್ರ್ಯಾನಂತರದ ಕಾಗದಗಳಲ್ಲಿ ಅಂಕಿ ಅದೇ ಇದ್ದು, ಹಿಂದೆ ‘ಜಿಡಿ(ಪಿ)’, ಅಂದರೆ ಜನರಲ್ ಡ್ಯೂಟೀಸ್ (ಪೈಲಟ್) ಶಾಖೆ, ಎಂಬ ಬಾಲ ಬರುತ್ತದೆ. ಎರಡನ್ನೂ ನೋಡಿ ಇಬ್ಬರು ಬೇರೆ ಬೇರೆ ಮನುಷ್ಯರೆಂದುಕೊಳ್ಳಬೇಡಿ.

ಮೊದಲು ಫೋಟೊ. ಎಡ ಎದೆಯ ಜೇಬಿನ ಮೇಲೆ ಎರಡೂ ಕಡೆ ಚಾಚಿದ ರೆಕ್ಕೆಯಿದ್ದರೆ ಪೈಲಟ್. ಒಂದೇ ಕಡೆ ರೆಕ್ಕೆಯಿದ್ದು ಪಕ್ಕದ ವೃತ್ತದೊಳಗೆ ಅಕ್ಷರವಿದ್ದರೆ ವಿಮಾನದಲ್ಲಿ ಹಾರುತ್ತಿದ್ದವರೇ, ಆದರೆ ಪೈಲಟ್ ಅಲ್ಲ: ‘ಎನ್’ ಎಂದರೆ ನ್ಯಾವಿಗೇಟರ್, ‘ಎಜಿ’ ಎಂದರೆ ಗನ್ನರ್. ರೆಕ್ಕೆಯೇ ಇಲ್ಲದೆ ತೋಳಿನ ಮೇಲೆ ಪ್ರೊಪೆಲ್ಲರ್ ಗುರುತಿದ್ದರೆ ಲೀಡಿಂಗ್ ಏರ್‌ಕ್ರಾಫ್ಟ್‌ಮನ್, ಅಂದರೆ ಹೆಚ್ಚಾಗಿ ಫಿಟ್ಟರ್, ವೈರ್‌ಲೆಸ್ ಮೆಕ್ಯಾನಿಕ್ ಮುಂತಾದ ನೆಲದ ಕೆಲಸದವರು. ಅಂಥ ಫೋಟೊದಲ್ಲಿ ಟೋಪಿಯ ಮುಂಭಾಗಕ್ಕೆ ಬಿಳಿ ಪಟ್ಟಿ ಸಿಕ್ಕಿಸಿದ್ದರೆ ಮಾತ್ರ ಲೆಕ್ಕ ಬೇರೆ, ಅದು ಹಾರಾಟದ ತರಬೇತಿಯಲ್ಲಿದ್ದ ಕೆಡೆಟ್‌ನ ಗುರುತು. ‘ಏರ್‌ಫೋರ್ಸ್‌ನಲ್ಲಿದ್ದರು’ ಎಂಬ ಮಾತು ಎರಡು ತಲೆಮಾರು ದಾಟುವಷ್ಟರಲ್ಲಿ ‘ಫೈಟರ್ ಪೈಲಟ್’ ಆಗಿರುವುದು ಮನೆಮನೆಯ ಸಂಗತಿ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1940ರ ಕೊನೆಗೆ ಶುರುವಾಗಿ ಯುದ್ಧದುದ್ದಕ್ಕೂ ವಿಮಾನ ರಿಪೇರಿ ಮಾಡಿದ್ದರಿಂದ, ಅಲ್ಲಿ ದುಡಿದವರನ್ನೂ ವಾಯುಪಡೆಗೆ ಸೇರಿಸಿಬಿಡುವ ಮನೆಗಳಿವೆ. ಇದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಫಿಟ್ಟರ್ ಆಗಿದ್ದವರನ್ನು ಪೈಲಟ್‌ಗಳ ಪಟ್ಟಿಯಲ್ಲಿ ಹುಡುಕಿದರೆ ಈ ಜನ್ಮದಲ್ಲಿ ಸಿಗುವುದಿಲ್ಲ.

ಫೋಟೊವನ್ನು ಆಲ್ಬಮ್ಮಿನಿಂದ ಕೀಳಬೇಡಿ, ಲ್ಯಾಮಿನೇಶನ್ ಅಂತೂ ಖಂಡಿತ ಬೇಡ. ಬಿಡಿ ಫೋಟೊಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಬೆನ್ನನ್ನೂ ಮಾಡಿ. ಸ್ಟುಡಿಯೊ ಮೊಹರು, ಪೆನ್ಸಿಲ್‌ನಲ್ಲಿ ಬರೆದ ಊರು, ತಾರೀಖು ಸಿಗುವುದು ಬೆನ್ನಿನಲ್ಲೇ.

ಪದಕಗಳನ್ನು ಹುಣಸೆಹಣ್ಣು ಹಾಕಿ ಉಜ್ಜುವ ಆಸೆ ಬಂದರೆ ತಡೆದುಕೊಳ್ಳಿ. ಬ್ರಿಟನ್ನಿನವರಿಗೆ ಕೊಟ್ಟ ಎರಡನೇ ಯುದ್ಧದ ಸೇವಾ ಪದಕಗಳಲ್ಲಿ ಹೆಸರು ಕೊರೆಯುತ್ತಿರಲಿಲ್ಲ. ಭಾರತೀಯ ಪಡೆಗಳಿಗೆ ಕೊಟ್ಟವುಗಳಲ್ಲಿ ಸಾಮಾನ್ಯವಾಗಿ ನಂಬರ್, ಹೆಸರು ಇರುತ್ತವೆ. ದುಂಡು ಪದಕವಾದರೆ ಅಂಚಿನ ಮೇಲೆ, ನಕ್ಷತ್ರವಾದರೆ ಬೆನ್ನಿಗೆ. ಭೂತಗನ್ನಡಿ ಹಿಡಿದು, ಟಾರ್ಚಿನ ಬೆಳಕು ಓರೆಯಾಗಿ ಬೀಳುವಂತೆ ಮಾಡಿದರೆ ಸವೆದ ಅಕ್ಷರವೂ ಕಾಣುತ್ತದೆ. ಯಾವ ಪದಕ ಎಂಬುದೂ ಮಾತಾಡುತ್ತದೆ. ಬರ್ಮಾ ಸ್ಟಾರ್ ಇದ್ದರೆ ಅವರು ಬರ್ಮಾ ರಣರಂಗದಲ್ಲಿದ್ದರು. ಬರೀ ಇಂಡಿಯಾ ಸರ್ವಿಸ್ ಮೆಡಲ್, ವಾರ್ ಮೆಡಲ್ ಇದ್ದು ನಕ್ಷತ್ರ ಒಂದೂ ಇಲ್ಲದಿದ್ದರೆ ಸೇವೆ ಹೆಚ್ಚಾಗಿ ದೇಶದೊಳಗೇ ನಡೆದಿದೆ, ಅಥವಾ ನಕ್ಷತ್ರಗಳು ಕಳೆದುಹೋಗಿವೆ. ಹಾಗಾಗಿ ‘ಇದೆ’ ಎಂಬುದು ಸಾಕ್ಷಿ, ‘ಇಲ್ಲ’ ಎಂಬುದು ಸಾಕ್ಷಿಯಲ್ಲ.

ಇನ್ನು ಆ ನೀಲಿ ಪುಸ್ತಕ. ಅದು ಒಂದೊಂದು ಹಾರಾಟವನ್ನೂ ಬರೆದಿಡುವ ಪೈಲಟ್‌ನ ಫ್ಲೈಯಿಂಗ್ ಲಾಗ್‌ಬುಕ್ ಆಗಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ರಾಯಲ್ ಏರ್‌ಫೋರ್ಸ್‌ನ ಫಾರಂ 414 ಎಂದು ಅದರ ಹೆಸರು, ಭಾರತೀಯ ವಾಯುಪಡೆಯೂ ಅದೇ ನಮೂನೆಯಲ್ಲಿ ಬರೆಯುತ್ತಿತ್ತು. ಮೊದಲ ಪುಟದಿಂದ ಓದಲು ಕೂರಬೇಡಿ, ಕೊನೆಗೆ ಹೋಗಿ. ಯಾವ ಘಟಕದಲ್ಲಿ ಎಂದಿನಿಂದ ಎಂದಿನವರೆಗೆ ಇದ್ದರು, ಯಾವ ಯಾವ ವಿಮಾನ ಹಾರಿಸಿದರು ಎಂಬ ಪಟ್ಟಿಗೆ ಜಾಗವಿರುವುದು ಅಲ್ಲಿ. ಅದು ತುಂಬಿದ್ದರೆ ಇಡೀ ಸೇವೆಯ ಅಸ್ಥಿಪಂಜರ ಒಂದೇ ಪುಟದಲ್ಲಿ ಸಿಕ್ಕಿತು. ಇಲ್ಲವಾದರೆ ಪ್ರತಿ ತಿಂಗಳ ಕೊನೆಯ ಒಟ್ಟು ಲೆಕ್ಕದ ಕೆಳಗೆ ಫ್ಲೈಟ್ ಕಮಾಂಡರ್, ಸ್ಕ್ವಾಡ್ರನ್ ಕಮಾಂಡರ್ ಹಾಕಿದ ಸಹಿ, ಮೊಹರು ನೋಡುತ್ತ ಬನ್ನಿ.

ತರಬೇತಿಯ ಪುಟಗಳನ್ನು ಗುರುತಿಸುವುದು ಸುಲಭ. ಬೇಗಂಪೇಟೆ ಅಥವಾ ಜೋಧಪುರದಲ್ಲಿ ಟೈಗರ್ ಮಾತ್ ಎಂಬ ಕಲಿಕೆಯ ವಿಮಾನ, ಅಂಬಾಲದಲ್ಲಿ ಮುಂದಿನ ಹಂತ, ಆಮೇಲೆ ಯುದ್ಧವಿಮಾನಕ್ಕೆ ಒಗ್ಗಿಸುವ 151ನೇ ಆಪರೇಷನಲ್ ಟ್ರೈನಿಂಗ್ ಯೂನಿಟ್. ಇದು ಬಹುಕಾಲ ರಿಸಾಲ್ಪುರದಲ್ಲಿತ್ತು. ಈ ಸಾಲಿನಲ್ಲಿ ಯಾವ ಊರಿನ ಹತ್ತಿರ ಪುಸ್ತಕ ನಿಂತುಹೋಗಿದೆ ಎಂಬುದನ್ನು ಗಮನಿಸಿ. ತರಬೇತಿಯಲ್ಲೇ ಅಪಘಾತಕ್ಕೆ ಸಿಕ್ಕವರು, ಪೈಲಟ್ ಕೆಲಸದಿಂದ ಬೇರೆ ಕೆಲಸಕ್ಕೆ ಹೋದವರು ಕಡಿಮೆಯೇನಿರಲಿಲ್ಲ.

ಯುದ್ಧದ ಪುಟದ ಒಂದು ಸಾಲು ಹೀಗಿರುತ್ತದೆ: ತಾರೀಖು, ‘ಹರಿಕೇನ್’ ಎಂದು ಯುದ್ಧವಿಮಾನದ ಹೆಸರು, ಅದರ ಸರಣಿ ಸಂಖ್ಯೆ, ಪೈಲಟ್ ಕಾಲಮಿನಲ್ಲಿ ‘ಸೆಲ್ಫ್’, ಕೆಲಸದ ಕಾಲಮಿನಲ್ಲಿ ‘ಟ್ಯಾಕ್-ಆರ್ ತಮು–ಕಲೇವಾ’, ಕೊನೆಗೆ ‘1.45’. ತಮು, ಕಲೇವಾ ಬರ್ಮಾದ ಊರುಗಳು. ಟ್ಯಾಕ್-ಆರ್ ಎಂದರೆ ಶತ್ರುವಿನ ಚಲನವಲನವನ್ನು ಕೆಳಮಟ್ಟದಲ್ಲಿ ಹಾರಿ ನೋಡಿಬರುವ ಕೆಲಸ. ‘ಡಿಎನ್‌ಸಿಒ’ ಎಂದಿದ್ದರೆ ಹವಾಮಾನವೋ ಎಂಜಿನ್ನೋ ಕೈಕೊಟ್ಟು ಕೆಲಸ ಮುಗಿಯಲಿಲ್ಲ ಎಂದರ್ಥ. ‘1.45’ ಒಂದೂಮುಕ್ಕಾಲು ಗಂಟೆ. ಚುಕ್ಕೆಯ ಮುಂದಿನದು ನಿಮಿಷ, ದಶಮಾಂಶವಲ್ಲ. ಎಕ್ಸೆಲ್‌ನಲ್ಲಿ ಹಾಗೇ ತುಂಬಿ ಕೂಡಿಸುವವರ ಒಟ್ಟು ಪುಸ್ತಕದ ಒಟ್ಟಿಗೆ ತಾಳೆಯಾಗುವುದಿಲ್ಲ, ಆಗ ಪಾಪ ಪುಸ್ತಕ ಬರೆದವರ ಲೆಕ್ಕವೇ ತಪ್ಪೆನ್ನುತ್ತಾರೆ. 0.35ಕ್ಕೆ 0.40 ಸೇರಿದರೆ 1.15. ಗಂಟೆ, ನಿಮಿಷ ಎರಡು ಕಾಲಮ್ ಮಾಡಿಕೊಳ್ಳಿ. ಇನ್ನೊಂದು ಸೂಕ್ಷ್ಮ: 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ ಭಾರತದ ಗಡಿಯಾರ ಈಗಿನದಕ್ಕಿಂತ ಒಂದು ಗಂಟೆ ಮುಂದಿತ್ತು. ‘ಬೆಳಿಗ್ಗೆ ಆರಕ್ಕೆ ಹೊರಟರು’ ಎಂದರೆ ಈಗಿನ ಐದು ಗಂಟೆ.

ಪುಸ್ತಕವೂ ಇಲ್ಲ, ಪದಕದ ಅಕ್ಷರವೂ ಹೋಗಿದೆ ಎಂದಾದರೆ ಹೆಸರೇ ಗತಿ. ನಮ್ಮ ಕಡೆಯ ಹೆಸರುಗಳ ತೊಡಕು ಇರುವುದು ಇಲ್ಲೇ. ಇನಿಶಿಯಲ್‌ನ ‘ಎಂ’ ಮೈಸೂರೂ ಆಗಬಹುದು, ಮಂಡ್ಯ, ಮದ್ದೂರು, ಮಳವಳ್ಳಿ, ಮೇಲುಕೋಟೆಯೂ ಆಗಬಹುದು. ವಾಯುಪಡೆಯ ನಮೂನೆ ಸರ್‌ನೇಮ್ ಕೇಳುತ್ತದೆ, ನಮಗೆ ಸರ್‌ನೇಮ್ ಎಂಬುದೇ ಇಲ್ಲ. ಕೊನೆಯಲ್ಲಿರುವ ‘ಗೌಡ’, ‘ಅಯ್ಯಂಗಾರ್’, ‘ರಾವ್’ ಸರ್‌ನೇಮ್ ಆಗಿಬಿಡುತ್ತದೆ, ಅದೂ ಇಲ್ಲದಿದ್ದರೆ ಊರಿನ ಹೆಸರೋ ಅಪ್ಪನ ಹೆಸರೋ ಆ ಜಾಗಕ್ಕೆ ಹೋಗಿರುತ್ತದೆ. ಕಾಗುಣಿತವೂ ಒಂದೇ ರೀತಿ ಇರುವುದಿಲ್ಲ. ‘ಮೂರ್ತಿ’ಯನ್ನು ಇಂಗ್ಲಿಷಿನಲ್ಲಿ ಒಂದು ‘ಯು’ ಹಾಕಿ, ಎರಡು ‘ಒ’ ಹಾಕಿ, ಕೊನೆಗೆ ‘ಎಚ್’ ಹಾಕಿ, ಬಿಟ್ಟು, ‘ವೈ’ ಅಥವಾ ‘ಐ’ ಹಾಕಿ ಬರೆದದ್ದೆಲ್ಲವನ್ನೂ ಹುಡುಕಬೇಕು. ‘ಕೃಷ್ಣಮೂರ್ತಿ’ ಒಂದೇ ಪದವಾಗಿಯೂ ಎರಡಾಗಿಯೂ ಇರುತ್ತದೆ. ಹುಡುಕುವ ಮೊದಲೇ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟು, ಒಂದೊಂದನ್ನೇ ಗೀಟು ಹಾಕುತ್ತ ಹೋಗಿ.

ಊರಿನ ವಿಷಯದಲ್ಲೂ ಎಚ್ಚರ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದವರ ಕಾಗದದಲ್ಲಿ ‘ಮೈಸೂರು ಜಿಲ್ಲೆ’ ಎಂದಿರುವುದೇ ಸರಿ. ಪಾಂಡವಪುರವನ್ನು ಆಗ ಫ್ರೆಂಚ್ ರಾಕ್ಸ್ ಎಂದು ಬರೆಯುತ್ತಿದ್ದರು. ಹುಟ್ಟಿದ ದಿನ, ತಂದೆಯ ಹೆಸರು ಖಚಿತಪಡಿಸಿಕೊಳ್ಳಲು ಓದಿದ ಶಾಲೆ ಕಾಲೇಜಿನ ದಾಖಲಾತಿ ರಿಜಿಸ್ಟರ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ಆ ಕಾಲದಲ್ಲಿ ಈ ಭಾಗದಿಂದ ಕಾಲೇಜು ಮೆಟ್ಟಿಲು ಹತ್ತಿದವರು ಬಹಳ ಜನ ಮೈಸೂರಿನ ಮಹಾರಾಜ ಕಾಲೇಜು, ಯುವರಾಜ ಕಾಲೇಜುಗಳಲ್ಲಿ ಓದಿದವರು.

ನಂಬರ್, ಘಟಕ ಗೊತ್ತಾದ ಮೇಲೆ ಸ್ಕ್ವಾಡ್ರನ್‌ನ ದಿನಚರಿ. ಇದಕ್ಕೆ ಆಪರೇಷನ್ಸ್ ರೆಕಾರ್ಡ್ ಬುಕ್ ಎನ್ನುತ್ತಾರೆ. ಫಾರಂ 540ರಲ್ಲಿ ದಿನದಿನದ ವಿವರ: ಮಳೆ, ಊರು ಬದಲಾವಣೆ, ಬಂದವರು ಹೋದವರು. ಫಾರಂ 541ರಲ್ಲಿ ಯಾವ ವಿಮಾನದಲ್ಲಿ ಯಾರು ಎಷ್ಟಕ್ಕೆ ಏರಿದರು, ಎಷ್ಟಕ್ಕೆ ಇಳಿದರು ಎಂಬ ಪಟ್ಟಿ. ಬ್ರಿಟಿಷ್ ಸ್ಕ್ವಾಡ್ರನ್‌ಗಳದ್ದು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ‘ಏರ್ 27’ ಸರಣಿಯಲ್ಲಿದ್ದು, ಆನ್‌ಲೈನ್‌ನಲ್ಲೇ ಇಳಿಸಿಕೊಳ್ಳಬಹುದು. ಹೋರಾಟದ ವರದಿಗಳು ‘ಏರ್ 50’. ಭಾರತೀಯ ಸ್ಕ್ವಾಡ್ರನ್ ಆದರೆ ಮೊದಲು ದೆಹಲಿಯಲ್ಲಿರುವ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗಕ್ಕೆ ಬರೆಯಿರಿ. ಜೊತೆಗೇ ಭಾರತದ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಹುಡುಕಿ. ಭಾರತ್ ರಕ್ಷಕ್ ತಾಣದಲ್ಲಿ ಹವ್ಯಾಸಿಗಳು ಕಟ್ಟಿರುವ ಅಧಿಕಾರಿಗಳ ಪಟ್ಟಿ ಇದೆ, ನಂಬರ್ ಹೊಂದಿಸಿ ನೋಡಲು ಬಹಳ ಉಪಯೋಗ.

ಇಲ್ಲಿ ಎಡವುವ ಜಾಗ ಎರಡು. ಲಂಡನ್ನಿನ ಪಟ್ಟಿಯಲ್ಲಿ ‘1ನೇ ಸ್ಕ್ವಾಡ್ರನ್’ ಎಂದಷ್ಟೇ ಇದ್ದರೆ ಅದು ಬ್ರಿಟಿಷರದ್ದು. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಮುನ್ನಡೆಸಿದ, ಹರಿಕೇನ್ ಹಾರಿಸಿದ 1ನೇ ಸ್ಕ್ವಾಡ್ರನ್ ನಮ್ಮದು. ಒಂದೇ ಅಂಕಿ ಎರಡೂ ಪಡೆಗಳಲ್ಲಿದ್ದದ್ದರಿಂದ ತಪ್ಪು ಫೈಲಿಗೆ ದುಡ್ಡು ಕಟ್ಟುವವರು ಇದ್ದೇ ಇರುತ್ತಾರೆ. ಇನ್ನೊಂದು ನಮ್ಮೂರಿನವರಿಗೇ ಹೇಳಿ ಮಾಡಿಸಿದಂಥ ತಪ್ಪು: 129ನೇ (ಮೈಸೂರು) ಸ್ಕ್ವಾಡ್ರನ್. ಹೆಸರಲ್ಲಿ ಮೈಸೂರು, ಲಾಂಛನದಲ್ಲಿ ನಮ್ಮ ಗಂಡಭೇರುಂಡ! ಆದರೆ ಅದು 1941ರಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಕಟ್ಟಿದ ರಾಯಲ್ ಏರ್‌ಫೋರ್ಸ್ ಘಟಕ. ಮೈಸೂರು ಸಂಸ್ಥಾನ ಕೊಟ್ಟ ಹಣದ ನೆನಪಿಗೆ ಆ ಹೆಸರು ಬಂತು. ಸ್ಪಿಟ್‌ಫೈರ್, ಆಮೇಲೆ ಮಸ್ಟಾಂಗ್ ಹಾರಿಸಿದ ಈ ಘಟಕದ ಹೆಸರು ನೋಡಿ ‘ಚಿಕ್ಕತಾತ ಇದರಲ್ಲೇ ಇದ್ದರು’ ಎಂದು ತೀರ್ಮಾನಿಸಬೇಡಿ. ಯುದ್ಧದಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಸ್ಕ್ವಾಡ್ರನ್‌ಗಳಲ್ಲಿ ಹಾರಿದವರು ಇದ್ದರು, 1940ರಲ್ಲಿ 24 ಪೈಲಟ್‌ಗಳ ತಂಡವೇ ಹೋಗಿತ್ತು. ಆದರೆ ಅದಕ್ಕೆ ಲಾಗ್‌ಬುಕ್ಕೋ ಫಾರಂ 541ರ ಸಾಲೋ ಸಾಕ್ಷಿ ಹೇಳಬೇಕು, ಸ್ಕ್ವಾಡ್ರನ್ನಿನ ಹೆಸರಲ್ಲ.

‘ಇಷ್ಟು ವಿಮಾನ ಹೊಡೆದುರುಳಿಸಿದರು’ ಎಂಬ ಮನೆಮಾತು ದಾಖಲೆಯಲ್ಲಿ ಸಿಗದಿದ್ದರೆ ಬೇಸರ ಬೇಡ. ಬರ್ಮಾದಲ್ಲಿ ಭಾರತೀಯ ಸ್ಕ್ವಾಡ್ರನ್‌ಗಳ ಪಾಲಿಗೆ ಬಂದದ್ದು ಬಹುಪಾಲು ಟ್ಯಾಕ್-ಆರ್ ಮತ್ತು ನೆಲದ ಗುರಿಗಳ ಮೇಲಿನ ದಾಳಿ. ಮರದ ತುದಿ ಸವರುವಷ್ಟು ಕೆಳಗೆ, ನೆಲದಿಂದ ಗುಂಡು ಬರುವಾಗ ಹಾರುವ ಆ ಕೆಲಸದಲ್ಲಿ ಎಣಿಸಿ ಹೇಳಲು ಉರುಳಿದ ವಿಮಾನಗಳಿರುವುದಿಲ್ಲ.

ಸೇವೆಯಲ್ಲೇ ತೀರಿಕೊಂಡಿದ್ದರೆ ದಾರಿ ಹತ್ತಿರ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ಉಚಿತ. 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದಾಗ ಸತ್ತವರೆಲ್ಲ ಅದರಲ್ಲಿ ಬರಬೇಕು, ಯುದ್ಧ ಮುಗಿದ ಮೇಲೆ ಅಪಘಾತದಲ್ಲಿ ಹೋದವರೂ ಸಹ. ಗೋರಿಯನ್ನೇ ಹುಡುಕಬೇಡಿ. ದಹನವಾದ ಹಿಂದೂ, ಸಿಖ್ಖರ ಹೆಸರು ಇಂಫಾಲದಂಥ ಕಡೆ ದಹನ ಸ್ಮಾರಕಗಳಲ್ಲಿದೆ. ಆಗ್ನೇಯ ಏಷ್ಯಾದಲ್ಲಿ ವಿಮಾನಸಮೇತ ಕಣ್ಮರೆಯಾದವರ ಹೆಸರು ಸಿಂಗಪುರದ ಕ್ರಾಂಜಿಯ ಸ್ಮಾರಕದಲ್ಲಿರುತ್ತದೆ. ಅಪಘಾತವಾಗಿದ್ದರೆ ವಿಮಾನದ ಸರಣಿ ಸಂಖ್ಯೆ, ತಾರೀಖು ಕೊಟ್ಟು ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ ಫಾರಂ 1180 ಎಂಬ ಅಪಘಾತ ಕಾರ್ಡ್ ವಿಚಾರಿಸಬಹುದು.

ಕೊನೆಗೆ ಸರ್ಕಾರಕ್ಕೆ ಅರ್ಜಿ. ಕೆಳದರ್ಜೆಯ ಏರ್‌ಮನ್ ಆಗಿದ್ದರೆ ದೆಹಲಿ ಸುಬ್ರತೊ ಪಾರ್ಕ್‌ನ ವಾಯುಪಡೆ ದಾಖಲೆ ಕಚೇರಿ, ಅಧಿಕಾರಿಯಾಗಿದ್ದರೆ ವಾಯುಪಡೆ ಕೇಂದ್ರ ಕಚೇರಿ. ಅರ್ಜಿ ಬರೆಯಲು ತೊಡಕಾದರೆ ಮೈಸೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಕೇಳಿ. ಮರಣ ಪ್ರಮಾಣಪತ್ರದ ಜೊತೆ ನಾಡಕಚೇರಿಯ ವಂಶವೃಕ್ಷ ಇಡಿ. ಚಿಕ್ಕತಾತನಿಗೆ ಮಕ್ಕಳಿಲ್ಲದಿದ್ದರೆ ವಂಶವೃಕ್ಷ ನಿಮ್ಮ ತಾತನಿಂದ ಶುರುವಾದರೆ ಸಾಲದು, ಅವರಿಬ್ಬರ ತಂದೆಯಿಂದ ಶುರುವಾಗಬೇಕು. ಸಂಬಂಧವೇ ತೋರದ ಕಾಗದ ಕಳಿಸಿದರೆ ಅರ್ಜಿ ಅಲ್ಲೇ ಕೂರುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳುವುದಾದರೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಖಾಸಗಿ ಮಾಹಿತಿ’ ಎಂದು ನಿರಾಕರಿಸಿದರೆ, 20 ವರ್ಷ ಹಿಂದಿನ ಘಟನೆಗಳಿಗೆ ಆ ವಿನಾಯಿತಿ ಅನ್ವಯಿಸದೆಂದು ಕಲಂ 8(3) ತೋರಿಸಿ ಮೇಲ್ಮನವಿ ಹಾಕಿ. ‘ಪೂರ್ತಿ ಇತಿಹಾಸ ಕೊಡಿ’ ಎಂದು ಕೇಳಬೇಡಿ. ನಂಬರ್, ಹೆಸರಿನ ಎಲ್ಲ ಕಾಗುಣಿತ, ಹುಟ್ಟಿದ ದಿನ ಕೊಟ್ಟು, ಸೇರಿದ ದಿನ, ಘಟಕಗಳು, ಬಿಟ್ಟ ದಿನ, ಪದಕಗಳು ಎಂದು ನಾಲ್ಕೇ ಬಾಬು ಕೇಳಿ.