ಮೂರಕ್ಕೊಂದಾ, ಒಂದಕ್ಕೊಂದಾ? ನೆಪೋಲಿಯನ್ ಕಾಲದ ಸೆರೆ ಆಫೀಸರ್‌ಗಳು 11 ವರ್ಷ ಕಾದಿದ್ದು ಯಾಕೆ

ಯುದ್ಧಕೈದಿಗಳ ಅದಲುಬದಲು ಅಂದ್ರೆ ಕೇಳೋಕೆ ಸಿಂಪಲ್, ನಮ್ಮೋರನ್ನ ಕೊಡಿ ನಿಮ್ಮೋರನ್ನ ತಗೊಳ್ಳಿ, ಮುಗೀತು. ಆದ್ರೆ 1803ರಿಂದ 1814ರ ತನಕ ಇಂಗ್ಲೆಂಡ್ ಫ್ರಾನ್ಸ್ ಮಧ್ಯೆ ಈ ಕೆಲಸ ಹೆಚ್ಚುಕಮ್ಮಿ ನಿಂತೇ ಹೋಗಿತ್ತು. ಯಾರ ತಪ್ಪು ಅಂತ ಕೇಳಿದ್ರೆ ಎರಡೂ ಕಡೆಯೋರು ಎದುರಿನೋರ ಕಡೆ ಬೆರಳು ತೋರಿಸ್ತಾರೆ, ಅದಕ್ಕೇ ಸ್ವಲ್ಪ ಹಿಂದಿನಿಂದ ನೋಡೋಣ.

ಅದಕ್ಕೂ ಮುಂಚೆ ಇದೆಲ್ಲ ಒಂಥರಾ ವ್ಯವಹಾರ. 1780ರ ಒಪ್ಪಂದದಲ್ಲಿ ರೇಟ್ ಪಟ್ಟಿನೇ ಇತ್ತು, ಒಬ್ಬ ಅಡ್ಮಿರಲ್ ಬೇಕಂದ್ರೆ 60 ಜನ ನಾವಿಕರನ್ನ ಕೊಡಿ, ಇಲ್ಲಾ 60 ಪೌಂಡ್ ಕೊಡಿ. ಕ್ರಾಂತಿ ಆದ್ಮೇಲೆ 1793ರಲ್ಲಿ ಫ್ರಾನ್ಸ್ ದುಡ್ಡಿನ ಲೆಕ್ಕ ಕಿತ್ತುಹಾಕ್ತು, ತಲೆಗೆ ತಲೆ, ರ್ಯಾಂಕಿಗೆ ರ್ಯಾಂಕ್ ಮಾತ್ರ ಅಂತು. ಇದರ ಜೊತೆಗೆ ಪರೋಲ್ ಇತ್ತು. ಆಫೀಸರ್ ಆದೋನು ಓಡಿಹೋಗಲ್ಲ ಅಂತ ಮಾತು ಕೊಟ್ರೆ ಜೈಲಿಲ್ಲ, ಊರಲ್ಲಿ ಬಾಡಿಗೆ ರೂಮು, ಇಂಗ್ಲೆಂಡಲ್ಲಾದ್ರೆ ಊರಾಚೆ ಒಂದು ಮೈಲಿ ತನಕ ವಾಕಿಂಗು, ಮೇಲೆ ದಿನದ ಭತ್ಯೆ. ನಾವಿಕ, ಸಿಪಾಯಿಗಳಿಗೆ ಮಾತು ಕೊಡೋ ಹಕ್ಕೂ ಇಲ್ಲ, ರೂಮೂ ಇಲ್ಲ.

ಗಂಟು ಬಿದ್ದಿದ್ದು 1803ರ ಮೇ ತಿಂಗಳಲ್ಲಿ. ಹಿಂದಿನ ವರ್ಷ ಎರಡೂ ದೇಶ ಮಾಡ್ಕೊಂಡಿದ್ದ ಆಮಿಯೆನ್ಸ್ ಶಾಂತಿ ಒಪ್ಪಂದ ಮುರಿದುಬಿತ್ತು, ಇಂಗ್ಲೆಂಡ್ ಫ್ರೆಂಚ್ ಹಡಗು ಹಿಡೀತು, ಸಿಟ್ಟಲ್ಲಿ ನೆಪೋಲಿಯನ್ ಫ್ರಾನ್ಸಲ್ಲಿರೋ 18ರಿಂದ 60 ವಯಸ್ಸಿನ ಬ್ರಿಟಿಷ್ ಗಂಡಸರನ್ನೆಲ್ಲ ಹಿಡೀರಿ ಅಂದ. ಪ್ಯಾರಿಸ್ ನೋಡೋಕೆ ಬಂದ ಟೂರಿಸ್ಟು, ವ್ಯಾಪಾರಿ, ಎಲ್ರೂ ಸಿಕ್ಕಿಬಿದ್ರು. ಇವರು ಯುದ್ಧಕೈದಿಗಳೇ ಅಲ್ಲ, ಇವರ ಬದಲಿಗೆ ಸೈನಿಕರನ್ನ ಹೇಗೆ ಕೊಡೋದು ಅಂತ ಲಂಡನ್. ಇವರನ್ನ ಲೆಕ್ಕಕ್ಕೆ ತಗೊಳ್ಳದೇ ಮಾತೇ ಇಲ್ಲ ಅಂತ ಪ್ಯಾರಿಸ್. ಇಲ್ಲಿಗೆ ಮಾಮೂಲಿ ಅದಲುಬದಲಿನ ಬಾಗಿಲು ಮುಚ್ಚಿತು.

ಸೆರೆ ಸಿಕ್ಕ ಬ್ರಿಟಿಷ್ ಆಫೀಸರ್‌ಗಳು ಫ್ರಾನ್ಸಿನ ವರ್ಡನ್ ಊರಲ್ಲಿದ್ರು. ಅಲ್ಲಿ ಕುದುರೆ ರೇಸು, ಜೂಜು, ಸಾಲ ಎಲ್ಲ ಇತ್ತು, ಕೈದಿಗಳ ಜೇಬಿಗೆ ಕೈಹಾಕೋ ಅಧಿಕಾರಿಗಳೂ ಇದ್ರು. ಓದೋಕೆ ಮಜಾ ಅನ್ಸುತ್ತೆ, ಆದ್ರೆ ನೌಕಾಪಡೆಯ ಲೆಫ್ಟಿನೆಂಟ್ ಒಬ್ಬನಿಗೆ ಅದು ಕೆರಿಯರ್ ಕೊಳೆಯೋ ಜಾಗ, ಜೊತೆಯೋರು ಸಮುದ್ರದಲ್ಲಿ ಪ್ರಮೋಷನ್ ತಗೋತಿದ್ರೆ ಇವನು ಹಾಜರಿ ಹಾಕ್ತಾ ಕೂತಿರ್ಬೇಕು. ಹಾಗಾಗಿ ಪತ್ರದ ಮೇಲೆ ಪತ್ರ, ಮಂತ್ರಿಗೆ, ಮಾರ್ಷಲ್‌ಗೆ, ಪರಿಚಯದ ಪರಿಚಯದೋರಿಗೆ. ವಶೀಲಿ ಇದ್ದೋರಿಗೆ ಕೆಲಸ ಆಗ್ತಿತ್ತು. ಕ್ಯಾಪ್ಟನ್ ಜಲೀಲ್ ಬ್ರೆಂಟನ್ ಹಡಗು 1803ರಲ್ಲಿ ಫ್ರಾನ್ಸಿನ ಶೆರ್ಬೂರ್ ಬಂದರಿನ ಹತ್ತಿರ ನೆಲಕಚ್ಚಿ ಸೆರೆಸಿಕ್ಕವನು, 1806ರ ಕೊನೇಲಿ ಹೊರಗೆ ಬಂದ, ಯಾಕಂದ್ರೆ ಫ್ರೆಂಚ್ ಮಾರ್ಷಲ್ ಮಸ್ಸೇನಾನ ಸಂಬಂಧಿಕನೊಬ್ಬ 1805ರ ಟ್ರಫಾಲ್ಗರ್ ಸಮುದ್ರ ಯುದ್ಧದಲ್ಲಿ ಬ್ರಿಟಿಷರಿಗೆ ಸಿಕ್ಕಿದ್ದ, ಅವನ ಬದಲಿಗೆ ಇವನನ್ನ ಬಿಟ್ರು. ಅದೇ ಯುದ್ಧದಲ್ಲಿ ಸೋತ ಫ್ರೆಂಚ್ ಅಡ್ಮಿರಲ್ ವಿಲ್‌ನವ್‌ನನ್ನ ನಾಲ್ಕು ಬ್ರಿಟಿಷ್ ಕ್ಯಾಪ್ಟನ್‌ಗಳ ಬದಲಿಗೆ ಬಿಟ್ರು, ಊರಿಗೆ ಬಂದವನು 1806ರ ಏಪ್ರಿಲ್‌ನಲ್ಲಿ ರೆನ್ ಪಟ್ಟಣದಲ್ಲಿ ಹೆಣವಾಗಿ ಸಿಕ್ಕ. ಆಸ್ಟ್ರೇಲಿಯಾದ ಕರಾವಳಿ ನಕ್ಷೆ ಮಾಡಿದ ಮ್ಯಾಥ್ಯೂ ಫ್ಲಿಂಡರ್ಸ್‌ಗೆ ಆ ಅದೃಷ್ಟ ಇರ್ಲಿಲ್ಲ, 1803ರ ಡಿಸೆಂಬರಲ್ಲಿ ಆಗ ಫ್ರೆಂಚರ ಕೈಲಿದ್ದ ಮಾರಿಷಸ್‌ನಲ್ಲಿ ಇಳಿದವನನ್ನ ಹಿಡಿದಿಟ್ಕೊಂಡ್ರು, 1806ರಲ್ಲಿ ಪ್ಯಾರಿಸ್ ಬಿಡಿ ಅಂದ್ರೂ ಗವರ್ನರ್ ಬಿಡ್ಲಿಲ್ಲ. ಕೊನೆಗೆ ನಮ್ಮ ಕಲ್ಕತ್ತಾದಿಂದ ಗವರ್ನರ್ ಜನರಲ್ ಮಿಂಟೋ ಕಳಿಸಿದ ಪ್ರತಿನಿಧಿ ಮಾತಾಡಿ, 1810ರ ಜೂನಲ್ಲಿ ಫ್ಲಿಂಡರ್ಸ್ ಕೈದಿಗಳ ಅದಲುಬದಲಿನ ಹಡಗಲ್ಲಿ ಹೊರಟ.

ಅದೇ 1810ರಲ್ಲಿ ಒಂದು ಸೀರಿಯಸ್ ಪ್ರಯತ್ನ ಆಯ್ತು, ನನ್ನ ಪ್ರಕಾರ ಇಡೀ ಕಥೇಲಿ ಇದನ್ನೇ ನೋಡ್ಬೇಕು. ಏಪ್ರಿಲಲ್ಲಿ ಇಂಗ್ಲೆಂಡಿಂದ ಮೆಕೆಂಝಿ ಅನ್ನೋರು ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಮೊರ್ಲೆ ಬಂದರಿಗೆ ಬಂದ್ರು, ಎದುರಿಗೆ ಫ್ರಾನ್ಸ್ ಕಡೆಯಿಂದ ಡು ಮೂಸ್ಟಿಯೇ. ಟೂರಿಸ್ಟ್ ಕೈದಿಗಳ ವಿಷಯದಲ್ಲಿ ಲಂಡನ್ ಸ್ವಲ್ಪ ಸಡಿಲ ಆಗಿತ್ತು, ಸಿಕ್ಕಿಬಿದ್ದಿದ್ದು ಲೆಕ್ಕದಲ್ಲಿ. ಫ್ರಾನ್ಸಲ್ಲಿ ಬ್ರಿಟಿಷರು 10-12 ಸಾವಿರ, ಇಂಗ್ಲೆಂಡಲ್ಲಿ ಫ್ರೆಂಚರು 40 ಸಾವಿರದ ಮೇಲೆ. ತಲೆಗೆ ತಲೆ ಕೊಟ್ರೆ ಇಂಗ್ಲೆಂಡಿನೋರೆಲ್ಲ ಮನೆಗೆ ಹೋಗ್ತಾರೆ, ನನ್ನ ಬಹುಪಾಲು ಜನ ಅಲ್ಲೇ ಉಳೀತಾರೆ, ಆಮೇಲೆ ಅವರು ಮಾತು ಮುಂದುವರಿಸ್ತಾರೆ ಅನ್ನೋ ಗ್ಯಾರಂಟಿ ಏನು ಅನ್ನೋದು ನೆಪೋಲಿಯನ್ ಅನುಮಾನ. ಅದಕ್ಕೆ ಅವನು, ಸ್ಪೇನ್ ಪೋರ್ಚುಗಲ್ ಕೈದಿಗಳೂ ನಿಮ್ಮ ಕಡೆಯೋರೇ ತಾನೇ, ಮೂರು ಫ್ರೆಂಚರನ್ನ ಕೊಟ್ರೆ ಒಬ್ಬ ಬ್ರಿಟಿಷ್, ಇಬ್ಬರು ಸ್ಪೇನ್ ಪೋರ್ಚುಗಲಿನೋರನ್ನ ಕೊಡ್ತೀನಿ ಅಂದ. ಲಂಡನ್‌ಗೆ ಇದು ಬೇರೆ ಥರ ಕಾಣ್ತು, ನುರಿತ ಮೂವರು ಸೈನಿಕರು ಅವನಿಗೆ, ನಮಗೆ ಒಬ್ಬ, ನಡುವಲ್ಲಿ ನಿಲ್ಲಿಸಿಬಿಟ್ರೆ? ಮೊದ್ಲು ಬ್ರಿಟಿಷರದ್ದು ಮುಗೀಲಿ, ಆಮೇಲೆ ಉಳಿದೋರದ್ದು ಅಂತು. ಮೇಲಿಂದ, ಇಂಗ್ಲೆಂಡ್ ರಾಜನದ್ದೇ ಆಗಿದ್ದ ಜರ್ಮನ್ ರಾಜ್ಯ ಹ್ಯಾನೋವರ್‌ನ, 1803ರಲ್ಲೇ ಶರಣಾಗಿ ಮನೆಗೆ ಹೋಗಿದ್ದ ಸೈನಿಕರನ್ನೂ ಲೆಕ್ಕಕ್ಕೆ ಸೇರಿಸಿ ಅನ್ನೋ ಫ್ರಾನ್ಸ್ ತಕರಾರು ಬೇರೆ. ಎರಡೂ ಅನುಮಾನಕ್ಕೆ ಕಾರಣ ಇತ್ತು, ಒಪ್ಕೋತೀನಿ, ಆದ್ರೆ ಯಾರೂ ಪಟ್ಟು ಬಿಡ್ಲಿಲ್ಲ. ನವೆಂಬರಲ್ಲಿ ಮೆಕೆಂಝಿ ವಾಪಸ್ ಹೊರಟ್ರು.

ಕೊಟ್ಟ ಮಾತಿನ ಬೆಲೆ ಅಷ್ಟೊತ್ತಿಗಾಗ್ಲೇ ಇಳಿದಿತ್ತು, ಈಗ ಇನ್ನೂ ಇಳೀತು. ಬದಲಾವಣೆ ಆಗುತ್ತೆ ಅನ್ನೋ ನಂಬಿಕೆ ಇಲ್ಲದ ಮೇಲೆ ಯಾರು ಎಷ್ಟು ದಿನ ಕೂರ್ತಾರೆ? 1808ರ ಕೊನೇಲಿ ಸ್ಪೇನಲ್ಲಿ ಸಿಕ್ಕಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಲ್ಲಿ ಪರೋಲ್ ಮೇಲಿದ್ದ ಫ್ರೆಂಚ್ ಜನರಲ್ ಲೆಫೆವ್ರ್ ಡೆಸ್ನುಯೆಟ್ ಕೆಲ ವರ್ಷ ಆದ್ಮೇಲೆ ಕಳ್ಚಿಕೊಂಡ, ನೆಪೋಲಿಯನ್ ಬೈಯೋದಿರ್ಲಿ, ಅವನ ಹಳೇ ಹುದ್ದೇನೇ ಕೊಟ್ಟ. ಹೀಗೆ ಓಡಿಹೋದ ಫ್ರೆಂಚ್ ಆಫೀಸರ್‌ಗಳು ನೂರಾರು, ಸಿಕ್ಕಿಬಿದ್ರೆ ಬಂದರಲ್ಲಿ ಕಟ್ಟಿಹಾಕಿದ್ದ ಜೈಲು ಹಡಗಿಗೆ. ಬ್ರಿಟಿಷರಲ್ಲಿ ಮಾತು ಮುರಿದು ಬಂದೋನಿಗೆ ಮರ್ಯಾದೆ ಕಮ್ಮಿ, ಅದಕ್ಕೆ ಕೆಲವರು ಬೇಕಂತಲೇ ಹಾಜರಿಗೆ ತಡವಾಗಿ ಬಂದು ಪರೋಲ್ ಕಳ್ಕೊಂಡು, ಆಮೇಲೆ ಗೋಡೆ ಹಾರ್ತಿದ್ರು. ಡೋನಟ್ ಓಬ್ರಿಯನ್ ಅನ್ನೋ ಹುಡುಗ ಎರಡು ಸಲ ಸಿಕ್ಕಿಬಿದ್ದು, ಫ್ರಾನ್ಸಿನ ಬಿಚ್ ಕೋಟೆ ಜೈಲಿನಿಂದಲೂ ತಪ್ಪಿಸ್ಕೊಂಡು 1808ರಲ್ಲಿ ಆಡ್ರಿಯಾಟಿಕ್ ಸಮುದ್ರದ ಟ್ರಿಯೆಸ್ಟ್ ಬಂದರು ಮುಟ್ಟಿದ. ಓಡೋಕೂ ಆಗದ ನಾವಿಕರು ಜೈಲಲ್ಲೇ ಇದ್ರು, ಇವರ ಪರವಾಗಿ ಮಾರ್ಷಲ್‌ಗೆ ಪತ್ರ ಬರೆಯೋರು ಯಾರೂ ಇರ್ಲಿಲ್ಲ.

1814ರ ಏಪ್ರಿಲಲ್ಲಿ ನೆಪೋಲಿಯನ್ ಪಟ್ಟದಿಂದ ಇಳಿದ, ಲೆಕ್ಕವೇ ಬೇಡವಾಯ್ತು. ಮೂರಕ್ಕೊಂದೂ ಇಲ್ಲ ಒಂದಕ್ಕೊಂದೂ ಇಲ್ಲ, ಎಲ್ಲರನ್ನೂ ಬಿಟ್ರು, ಇಂಗ್ಲೆಂಡಿಂದಲೇ 70 ಸಾವಿರದ ಹತ್ತಿರ ಜನ ಹೊರಟ್ರು. ಬ್ರಿಟಿಷ್ ಆಫೀಸರ್‌ಗಳು ಊರಿಗೆ ಬಂದು ನೋಡಿದ್ರೆ ನೌಕಾಪಡೆ ಹಡಗು ಕಮ್ಮಿ ಮಾಡ್ತಿತ್ತು, ಬಹಳ ಜನಕ್ಕೆ ಅರ್ಧ ಸಂಬಳವೇ ಗತಿ. ಫ್ರಾನ್ಸಿಗೆ ವಾಪಸ್ ಹೋದೋರಲ್ಲಿ ಎಷ್ಟೋ ಜನ ಮುಂದಿನ ವರ್ಷ ನೆಪೋಲಿಯನ್ ಗಡೀಪಾರಾಗಿದ್ದ ಎಲ್ಬಾ ದ್ವೀಪದಿಂದ ಬಂದಾಗ ಮತ್ತೆ ಬಂದೂಕು ಹಿಡಿದ್ರು, ಮೊರ್ಲೆಯಲ್ಲಿ ಲಂಡನ್ ಹೆದರಿದ್ದೂ ಇದಕ್ಕೇ.