ಸಿಐಎ ತನ್ನದೇ ದೇಶದ ವಿದ್ಯಾರ್ಥಿಗಳ ಬೆನ್ನು ಹತ್ತಿದ್ದೇಕೆ?

ಪ್ರಶ್ನೆ: ಸರ್, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕೆಲಸ ಹೊರದೇಶದಾಗ ಅಂತೀರಿ. ಮತ್ತ ಅಮೆರಿಕದ ಕಾಲೇಜು ಹುಡುಗರ ಹಿಂದ ಯಾಕ ಬಿದ್ದಿತ್ತು?
– ಎಂ.ಎ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಹೊಸ ಬ್ಯಾಚ್ ಬಂದಾಗೆಲ್ಲ ಇದೇ ಪ್ರಶ್ನೆ. ವಿಯೆಟ್ನಾಂ ಯುದ್ಧದ ವಿರುದ್ಧ ಕ್ಯಾಂಪಸ್‌ಗಳು ಸಿಡಿದೆದ್ದಿದ್ದವು. ಇದರ ಹಿಂದೆ ಯಾವ ದೇಶವಿದೆ ಎಂದು ಅಧ್ಯಕ್ಷ ಜಾನ್ಸನ್ ಕೇಳುತ್ತಲೇ ಇದ್ದರು. ಅದನ್ನು ಹುಡುಕಲು 1967ರ ಆಗಸ್ಟ್‌ನಲ್ಲಿ ಸಿಐಎ ಶುರುಮಾಡಿದ ಗುಟ್ಟಿನ ಕಾರ್ಯಾಚರಣೆಗೇ ಮುಂದೆ ‘ಕೇಆಸ್’ ಎಂಬ ಹೆಸರಾಯಿತು. ಆಂತರಿಕ ಭದ್ರತೆಯ ಕೆಲಸ ನಿನಗಲ್ಲ ಎಂದು ಸಿಐಎಯನ್ನು ಹುಟ್ಟುಹಾಕಿದ 1947ರ ಕಾಯ್ದೆಯೇ ಅದಕ್ಕೆ ಹೇಳಿತ್ತು.

ಇಷ್ಟು ಹೇಳಿದ ಮೇಲೂ ಒಬ್ಬರಾದರೂ ಎದ್ದು, “ಹೊರಗಿನ ರೊಕ್ಕ ಬಂದೇ ಇರ್ತದ್ರಿ, ಇಲ್ಲಂದ್ರ ಸುಮ್ಮನ ಯಾಕ ನೋಡ್ತಾರ?” ಅನ್ನುತ್ತಾರೆ. ಜಗತ್ ವೃತ್ತದಲ್ಲಿ ಹಾಸ್ಟೆಲ್ ಹುಡುಗರು ಧರಣಿ ಕೂತರೂ ಇದೇ ಮಾತು ಕೇಳಿಬರುತ್ತದೆ. ದಯವಿಟ್ಟು ಇದನ್ನು ಬಿಡಿ. ಆ ರೊಕ್ಕವನ್ನು ಹುಡುಕಿದ್ದು ಸಾಕ್ಷಾತ್ ಸಿಐಎ. ವಿದ್ಯಾರ್ಥಿ ಚಳವಳಿಯನ್ನು ಹೊರದೇಶ ನಡೆಸುತ್ತಿದೆ ಎನ್ನಲು ಪುರಾವೆ ಇಲ್ಲವೆಂದು ಜಾನ್ಸನ್‌ಗೂ ಬರೆದುಕೊಟ್ಟಿತು, ಅವರ ನಂತರದ ಅಧ್ಯಕ್ಷ ನಿಕ್ಸನ್‌ಗೂ ಬರೆದುಕೊಟ್ಟಿತು. ಇಬ್ಬರೂ ಒಪ್ಪಲಿಲ್ಲ, ಇನ್ನಷ್ಟು ಹುಡುಕಿ ಎಂದರು. ಇಲ್ಲ ಎಂಬ ಉತ್ತರ ಬಂದಷ್ಟೂ ಬಲೆ ಅಗಲವಾಯಿತು. ಸಿಐಎ ದೇಶದೊಳಗೆ ನಡೆಸಿದ ಕೆಲಸಗಳನ್ನು ತನಿಖೆ ಮಾಡಿದ ರಾಕ್‌ಫೆಲ್ಲರ್ ಆಯೋಗದ 1975ರ ವರದಿ ನೋಡಿ: ಸುಮಾರು 13,000 ಕಡತ, ಅವುಗಳಲ್ಲಿ 7,200 ಅಮೆರಿಕದ ಪ್ರಜೆಗಳ ಮೇಲೆ, ಕಂಪ್ಯೂಟರ್ ಸೂಚಿಯಲ್ಲಿ 3 ಲಕ್ಷಕ್ಕೂ ಹೆಚ್ಚು ವ್ಯಕ್ತಿ, ಸಂಘಟನೆಗಳ ಹೆಸರು. ಕಣ್ಣಿಟ್ಟಿದ್ದಾರೆ ಅಂದರೆ ತಪ್ಪು ಮಾಡಿರಲೇಬೇಕು ಅನ್ನುವವರು ಈ ವರದಿಯನ್ನು ಒಮ್ಮೆ ಓದಲಿ. ಕಳೆದ ವರ್ಷ ನಮ್ಮ ಆಳಂದದ ಹುಡುಗಿಯೊಬ್ಬಳು ಅದನ್ನು ಓದಿಕೊಂಡು ಬಂದು ಇಡೀ ಕ್ಲಾಸಿಗೆ ಬಿಡಿಸಿ ಹೇಳಿದಳು. ಅಂದು ನಾನು ಪಾಠ ಮಾಡುವ ಅಗತ್ಯವೇ ಬೀಳಲಿಲ್ಲ.

ಗುಟ್ಟಿನ ರೊಕ್ಕ ಇರಲೇ ಇಲ್ಲ ಅಂತಲ್ಲ. ಅಮೆರಿಕದ ರಾಷ್ಟ್ರೀಯ ವಿದ್ಯಾರ್ಥಿ ಸಂಘಕ್ಕೆ ವರ್ಷಗಟ್ಟಲೆ ಗುಟ್ಟಾಗಿ ಹಣ ಕೊಟ್ಟಿದ್ದು ಸಿಐಎ. ‘ರಾಂಪಾರ್ಟ್ಸ್’ ಪತ್ರಿಕೆ ಅದನ್ನು ಬಯಲಿಗೆಳೆದದ್ದೂ 1967ರಲ್ಲೇ.

ದೇಶದೊಳಗಿನ ಬೇಹುಗಾರಿಕೆ ನೋಡಿಕೊಳ್ಳುವ ನಮ್ಮ ಐಬಿ (ಇಂಟೆಲಿಜೆನ್ಸ್ ಬ್ಯೂರೊ) ಯಾವ ಕಾಯ್ದೆಯಡಿ ನಡೆಯುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕು. ಅದರ ಬೇರು 1887ರಲ್ಲಿದೆ. ಅದರ ಅಧಿಕಾರ ಎಷ್ಟು, ಮಿತಿ ಎಲ್ಲಿ ಎಂದು ಹೇಳುವ ಪ್ರತ್ಯೇಕ ಕಾಯ್ದೆಯನ್ನು ಸಂಸತ್ತು ಈವರೆಗೆ ಮಾಡಿಲ್ಲ. ಫೋನ್ ಕದ್ದಾಲಿಕೆಗೆ ಸುಪ್ರೀಂ ಕೋರ್ಟ್ 1996ರಲ್ಲಿ ಕಟ್ಟಳೆ ಹಾಕಿತು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದಿತು. ಗುಪ್ತಚರ ಸಂಸ್ಥೆಗಳನ್ನು ಕಾನೂನಿನಡಿ ತರಲು ಸಂಸದ ಮನೀಷ್ ತಿವಾರಿ 2011ರಲ್ಲಿ ಖಾಸಗಿ ಮಸೂದೆಯನ್ನೂ ಮಂಡಿಸಿದ್ದರು. ಅದು ಕಾಯ್ದೆಯಾಗಲಿಲ್ಲ.