ದೊಡ್ಡ ಗಡಿಯಾರಕ್ಕೆ ಸಿಮೆಂಟ್ ಮೆತ್ತಬೇಡಿ

ಮೈಸೂರಿನ ದೊಡ್ಡ ಗಡಿಯಾರದಲ್ಲಿ ಬಿರುಕು ಅಂದ ಕೂಡಲೇ ಒಬ್ಬರಲ್ಲ ಒಬ್ಬರು ಕೇಳುತ್ತಾರೆ: "ಎರಡು ಮೂಟೆ ಸಿಮೆಂಟ್ ಮೆತ್ತಿದರೆ ಆಯ್ತಲ್ವಾ?" ಆಗೋದಿಲ್ಲ. ಇದ್ದದ್ದೂ ಕೆಡುತ್ತದೆ.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ 75 ಅಡಿಯ ಗೋಪುರ ಇದು. ಗಡಿಯಾರದ ಮುಖದಲ್ಲಿ ಕನ್ನಡ ಅಂಕಿಗಳಿವೆ. ಹೊಸಬರು ಕತ್ತೆತ್ತಿ ಎಣಿಸುತ್ತಾ ನಿಲ್ಲುತ್ತಾರೆ. ದೇವರಾಜ ಮಾರುಕಟ್ಟೆ ಹತ್ತಿರದ ಚಿಕ್ಕ ಗಡಿಯಾರ ಇನ್ನೂ ಹಳೆಯದು, 1886ರದ್ದು. ಆ ಕಾಲದ ಗಾರೆ ಕೆಲಸದವರು ನಂಬಿದ್ದು ಇಟ್ಟಿಗೆ ಮತ್ತು ಸುಣ್ಣವನ್ನು.

ಈ ಸುಣ್ಣದ ಕಥೆ ನನಗೆ ಎಷ್ಟು ಹೇಳಿದರೂ ಸಾಲದು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. 100 ಕೆಜಿ ಶುದ್ಧ ಕಲ್ಲಿನಲ್ಲಿ ಉಳಿಯುವುದು 56 ಕೆಜಿ ಮಾತ್ರ. ನೀರು ಹಾಕಿದರೆ ಬುಸುಗುಟ್ಟಿ ಅರಳುತ್ತದೆ. ಮರಳಿನ ಜೊತೆ ಅರೆದು ಗೋಡೆಗೆ ಹಾಕಿದ ಮೇಲೆ, ಹಾರಿಹೋದಷ್ಟೇ ಅನಿಲವನ್ನು ಗಾಳಿಯಿಂದ ಮೆಲ್ಲಗೆ ಎಳೆದುಕೊಂಡು ಪುನಃ ಕಲ್ಲಾಗುತ್ತದೆ! ದಪ್ಪ ಗೋಡೆಯ ಒಳಗೆ ಈ ಕೆಲಸ ವರ್ಷಗಟ್ಟಲೆ ನಡೆಯುತ್ತದೆ. ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟು ನೀರು ಇಳಿದರೆ, ಇನ್ನೂ ಕಲ್ಲಾಗದ ಸುಣ್ಣ ಒಂಚೂರು ಕರಗಿ, ಬಿರುಕಿನಲ್ಲೇ ಹರಳುಗಟ್ಟಿ ಅದನ್ನು ಮುಚ್ಚಬಲ್ಲದು.

ಬೆಲ್ಲ, ಅಳಲೆಕಾಯಿ ನೀರು ಬೆರೆಸಿದ್ದಕ್ಕೇ ಹಳೇ ಕಟ್ಟಡ ಗಟ್ಟಿ ಅನ್ನುವವರಿದ್ದಾರೆ. ಬೆರೆಸುತ್ತಿದ್ದದ್ದು ನಿಜ, ಗಾರೆ ಹದಕ್ಕೆ ಬರಲು ಅದರಿಂದ ಅನುಕೂಲವೂ ಇದೆ. ಆದರೆ ಸುಣ್ಣ ಚೆನ್ನಾಗಿ ಅರಳದಿದ್ದರೆ ಎಷ್ಟು ಬೆಲ್ಲ ಸುರಿದರೂ ದಂಡ.

ಸಿಮೆಂಟಿನ ತೊಂದರೆ ಅದರ ಗಟ್ಟಿತನವೇ. ಬಿಸಿಲಿಗೆ ಗೋಡೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಸುಣ್ಣದ ಗಾರೆ ಅದಕ್ಕೆ ಬಗ್ಗುತ್ತದೆ, ಸಿಮೆಂಟ್ ಬಗ್ಗುವುದಿಲ್ಲ; ಪಕ್ಕದ ಮೆತ್ತನೆ ಇಟ್ಟಿಗೆ ಒಡೆಯುತ್ತದೆ. ಜೊತೆಗೆ ಗೋಡೆ ಹೀರಿದ ನೀರು ಸುಣ್ಣದ ಮೂಲಕ ಆರಿಹೋಗುತ್ತದೆ. ಸಿಮೆಂಟ್ ಮೆತ್ತಿದರೆ ಸೆಕೆಗಾಲದಲ್ಲಿ ರೈನ್‌ಕೋಟ್ ಹಾಕಿಕೊಂಡ ಹಾಗೆ, ತೇವವೆಲ್ಲ ಒಳಗೇ. ಆ ನೀರಿನಲ್ಲಿ ಕರಗಿದ ಉಪ್ಪು ಸಿಮೆಂಟಿನ ಬೆನ್ನಿಗೆ ಹರಳುಗಟ್ಟಿ ಇಟ್ಟಿಗೆಯ ಮೈಯನ್ನೇ ಚಕ್ಕೆ ಎಬ್ಬಿಸುತ್ತದೆ. ಇಂಥ ತೇಪೆಯನ್ನು ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಒಳಗೆ ಆಗಲೇ ಪುಡಿಯಾಗಿದೆ ಅಂತ ಲೆಕ್ಕ.

2012ರಲ್ಲಿ ಮೈಸೂರಿನದೇ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ 'ಸುಮ್ನೆ ಕೆಡವಿಬಿಡಿ' ಎನ್ನುವ ದನಿ ಜೋರಾಯಿತು. ಭಯ ಅರ್ಥವಾಗುತ್ತದೆ, ಪರಿಹಾರ ಒಪ್ಪಿಗೆಯಾಗುವುದಿಲ್ಲ.

ದೊಡ್ಡ ಗಡಿಯಾರದ ಗಂಟೆಯ ಅದುರಿಗೇ ಗೋಪುರ ಬಿರುಕು ಬಿಟ್ಟಿತು ಎಂಬ ಮಾತೂ ಊರಲ್ಲಿದೆ. ಗಂಟೆಯನ್ನು ದೂರುವ ಮೊದಲು ಮಳೆನೀರು ಎಲ್ಲಿ ಇಳಿಯುತ್ತಿದೆ, ಹಕ್ಕಿ ಹಾಕಿದ ಅರಳಿ ಬೀಜ ಎಲ್ಲಿ ಮೊಳೆತಿದೆ ಅಂತ ಹುಡುಕಬೇಕು. ಅರಳಿ ಗಿಡವನ್ನು ಮೇಲೆ ಕತ್ತರಿಸಿದರೆ ಇನ್ನೂ ಜಾಸ್ತಿ ಚಿಗುರುತ್ತದೆ. ಸಂದು ಬಿಚ್ಚಿ, ಬೇರನ್ನು ಪೂರಾ ಸಾಯಿಸಿ, ಸುಣ್ಣದ ಗಾರೆ ತುಂಬಿ, ಅದು ಬೇಗ ಒಣಗದಂತೆ ದಿನಗಟ್ಟಲೆ ಒದ್ದೆ ಗೋಣಿಚೀಲ ಹೊದಿಸಿಡಬೇಕು.